ಜಂಗಿನ ಮೇಲೆ ಬೆಳ್ಳಿ ಬಣ್ಣ!

ಕಳೆದ ಮಹಾನವಮಿಗೆ ಅಣ್ಣಿಗೇರಿ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪಾರ ಹಳೇ ಚೇತಕ್ ಸ್ಕೂಟರ್ ಮದುಮಗನ ಹಾಗೆ ನಿಂತಿತ್ತು. ಖಂಡೇ ಪೂಜೆಗೆ ಅಂತ ಗಾಲಿಗಳಿಗೆ ಹೊಸ ಸಿಲ್ವರ್ ಬಣ್ಣ. ಫಳಫಳ!

ಎರಡು ತಿಂಗಳು ಬಿಟ್ಟು ಮತ್ತೆ ಹೋದೆ. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಉಗುರಿನಿಂದ ಕೆರೆದರೆ ಅಂಗೈಯಗಲ ಕಿತ್ತು ಬಂತು. ಅದರ ಕೆಳಗೆ ನಮ್ಮ ಹೊಲದ ಎರೆಮಣ್ಣು, ಮಣ್ಣಿನ ಕೆಳಗೆ ಜಂಗು!! ಗಾಲಿ ತೊಳೆಯದೇ ಬಣ್ಣ ಹೊಡೆದಿದ್ದಾರೆ ಮಹಾನುಭಾವರು. ಹೋಗಿ ಕೇಳಿದರೆ ಸಿಕ್ಕ ಉತ್ತರ: "ಹಳೇ ಗಾಡಿ ಅಲ್ರೀ ಸರ, ಇದಕ್ಕ ಎಷ್ಟ ಮಾಡಿದ್ರೂ ಅಷ್ಟ."

ನನ್ನ ತಕರಾರು ಇರುವುದೇ ಈ ಮಾತಿನ ಮೇಲೆ.

ಇದು ಬರೀ ಚೆಂದದ ಪ್ರಶ್ನೆ ಅಲ್ಲ. ಚೇತಕ್ ರಿಮ್ಮು ಒಂದೇ ತುಂಡಲ್ಲ, ಉಕ್ಕಿನ ಎರಡು ಭಾಗಗಳನ್ನು ನಟ್ಟು ಹಾಕಿ ಜೋಡಿಸಿದ್ದು. ನಟ್ಟು ಕೂರುವ ಜಾಗದಲ್ಲಿ ದಪ್ಪ ಬಣ್ಣ ಇದ್ದರೆ ನಟ್ಟು ಲೋಹದ ಮೇಲೆ ಕೂರುವುದಿಲ್ಲ, ಬಣ್ಣದ ಮೇಲೆ ಕೂರುತ್ತದೆ. ಗಾಡಿ ಓಡಿದಂತೆ ಬಣ್ಣ ಅಪ್ಪಚ್ಚಿಯಾಗಿ ಹಿಡಿತ ಸಡಿಲಾಗುತ್ತದೆ. ಪಾನಾ ಹಾಕಿ ನೋಡಿದೆ. ಹಿಂದಿನ ಗಾಲಿಯ ಎರಡು ನಟ್ಟು ಅರ್ಧ ಸುತ್ತು ತಿರುಗಿದವು! ಅವ್ವನನ್ನು ಹಿಂದೆ ಕೂರಿಸಿಕೊಂಡು ಅಪ್ಪಾರು ಸಂತೆಗೆ ಹೋಗುವುದು ಇದೇ ಗಾಲಿಗಳ ಮೇಲೆ. ಎದೆ ಝಲ್ ಅಂತು.

ಇನ್ನು ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತಲ್ಲ. ಮಳೆಗಾಲದಲ್ಲಿ ಹೊಲದ ದಾರಿಯ ರಾಡಿ ಮೆತ್ತಿಕೊಂಡರೆ ಬಿಡುವುದಿಲ್ಲ, ಕುಡಿದ ನೀರನ್ನೂ ಬೇಗ ಬಿಡುವುದಿಲ್ಲ. ಅದರ ಮೇಲೆ ಬಣ್ಣ ಬಳಿದರೆ ತೇವ ಒಳಗೇ ಉಳಿದು ಕಬ್ಬಿಣ ತಿನ್ನುತ್ತದೆ. ಜಂಗು ಕಣ್ಣಿಗೆ ಕಂಡರೆ ಯಾರಾದರೂ ಕೆರೆದಾರು, ಬಣ್ಣದ ಕೆಳಗೆ ಅಡಗಿದ್ದನ್ನು ಯಾರು ನೋಡುತ್ತಾರೆ? ಕೆಟ್ಟ ಬಣ್ಣಕ್ಕಿಂತ ಬಣ್ಣವೇ ಇಲ್ಲದ ಗಾಲಿ ವಾಸಿ.

ಸರಿ, ನಾನೇ ಕೂತೆ. ಸ್ಟೆಪ್ನಿ ಸೇರಿ ಮೂರು ಗಾಲಿ, ನಾಲ್ಕು ದಿನ. ಮೊದಲು ಗಾಳಿ ಪೂರ್ತಿ ಬಿಡಬೇಕು. ಗಾಳಿ ಇರುವಾಗ ರಿಮ್ಮಿನ ನಟ್ಟು ಬಿಚ್ಚಿದರೆ ಎರಡು ಭಾಗ ಸಿಡಿದು ಕೈ, ಮುಖ ಹೋದೀತು. ಟೈರು ತೆಗೆದು, ಸೀಮೆಎಣ್ಣೆಯಲ್ಲಿ ಗ್ರೀಸು ತೊಳೆದು, ತಂತಿ ಬ್ರಶ್ಶು, ಆಮೇಲೆ 80 ನಂಬರಿನ ಪಾಲಿಶ್ ಪೇಪರ್, ಆಮೇಲೆ 220. ಜಂಗಿನಿಂದ ರಿಮ್ಮು ತೂತಾಗಿದೆಯಾ, ಬಿರುಕು ಬಿಟ್ಟಿದೆಯಾ ನೋಡಿದೆ. ಪುಣ್ಯಕ್ಕೆ ಇರಲಿಲ್ಲ, ಇದ್ದಿದ್ದರೆ ಆ ರಿಮ್ಮು ಗುಜರಿಗೇ. ಥಿನ್ನರಿನಿಂದ ಒರೆಸಿ, ನಟ್ಟು ಕೂರುವ ಜಾಗಕ್ಕೆ ಟೇಪು ಹಚ್ಚಿ, ಪ್ರೈಮರ್ ಹೊಡೆದು ಒಣಗಿಸಿದೆ. ಕೊನೆಗೆ ತೆಳ್ಳಗೆ ಎರಡು ಕೋಟು ಬಣ್ಣ. ಬಣ್ಣ ಹೊಡೆಯಲು ಹಿಡಿದದ್ದು ಅರ್ಧ ತಾಸು. ಉಳಿದದ್ದೆಲ್ಲ ಕೆರೆಯುವುದು ಮತ್ತು ಕಾಯುವುದು. ಅವರು ಬಿಟ್ಟಿದ್ದು ಅಷ್ಟನ್ನೇ!

"ಅಷ್ಟ್ಯಾಕ ತ್ರಾಸ ತಮ್ಮಾ, ಹೊಸಾದ ತಗೋಬಾರದ?" ಅಂದರು ಓಣಿಯ ಹಿರಿಯರು. ತಗೋಬಹುದು. ಬಜಾಜ್‌ನವರೇ 2009ರಲ್ಲಿ ಸ್ಕೂಟರ್ ಸಹವಾಸ ಬಿಡ್ತೀವಿ ಅಂತ ಘೋಷಿಸಿದ್ದರು. 2019ರಲ್ಲಿ ಚೇತಕ್ ಹೆಸರು ವಾಪಸ್ ಬಂದದ್ದು ಎಲೆಕ್ಟ್ರಿಕ್ ಗಾಡಿಗೆ. ಆದರೆ ಅಪ್ಪಾರು ದಿನಾ ಹೊಲಕ್ಕೆ ಹೋಗುವುದು ಈ ಹಳೇದರ ಮೇಲೆ. ಹಳೇ ಗಾಡಿಯ ಲೋಹ ಮೊದಲೇ ಸವೆದಿರುತ್ತದೆ. ಹಾಗಾಗಿ ಅದಕ್ಕೆ ಹೆಚ್ಚು ಕಾಳಜಿ ಬೇಕು ರೀ, ಕಡಿಮೆ ಅಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಬೆಂಗಳೂರಿನಿಂದ ಫೋನ್ ಮಾಡಿ "ಹಬ್ಬದೊಳಗ ಆಗಬೇಕ್ರಿ, ನಾಳೇನ ಕೊಡ್ರಿ" ಅಂತ ಗಂಟುಬಿದ್ದವನು ನಾನೇ. ಒಂದು ದಿನದಲ್ಲಿ ಬಣ್ಣ ಹೊಡೆಯಬಹುದು, ಕೆರೆಯಲಿಕ್ಕೆ ಆಗುವುದಿಲ್ಲ. ಅದು ಅವರಿಗೆ ಗೊತ್ತಿತ್ತು, ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಒಂದಿದ್ದರೆ, ಈ ಸಲ ಊರಿಗೆ ಹೋದಾಗ ಗಾಲಿಯ ಹೊಳಪು ನೋಡಿ ಸುಮ್ಮನಾಗಬೇಡಿ. ಪಾನಾ ತಗೊಂಡು ಒಂದೊಂದೇ ನಟ್ಟು ಬಿಗಿದು ನೋಡಿ.