ಮೆಡಲಿನ ಅಂಚು ನೋಡಿ

"ಮುತ್ತಜ್ಜ ಮಿಲಿಟ್ರಿಲಿದ್ರಂತೆ." ನಮ್ಮ ಎಂ.ಸಿ.ಸಿ. ಬಡಾವಣೆಯ ಮನೆಗಳಲ್ಲೂ ಮಾತು ಅಷ್ಟಕ್ಕೇ ನಿಲ್ಲುತ್ತೆ. ಯಾವ ರೆಜಿಮೆಂಟು? ಗೊತ್ತಿಲ್ಲ.

1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಕಥೆ ಹೇಗೋ ಕೇಳಿರ್ತೀವಿ. ಬಂದೂಕಿನ ಜೊತೆ ಗುದ್ದಲಿಯನ್ನೂ ಹೊತ್ತು ರಸ್ತೆ ಕಡಿದ ಮದ್ರಾಸ್ ಪಯೊನೀರ್ಸ್ ಯಾರಿಗೆ ನೆನಪಿದೆ? ಇಂಜಿನಿಯರಿಂಗ್ ಓದೋ ನಮಗೆ ಅವರೇ ಹತ್ತಿರದ ನೆಂಟರು! 1933ರಲ್ಲಿ ಆ ಪಡೆಯನ್ನೇ ವಿಸರ್ಜಿಸಿದರು.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಆನ್‌ಲೈನ್ ಪಟ್ಟಿಯಲ್ಲಿ ಸಿಗೋದು ಸತ್ತವರ ಹೆಸರು. ಬದುಕಿ ಬಂದವರದ್ದು? ಮೊದಲ ಮಹಾಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ರೆಜಿಮೆಂಟು ಅಚ್ಚಾಗಿರುತ್ತೆ. ಹುಡುಕಾಟ ಶುರು ಮಾಡೋಕೆ ಅಷ್ಟು ಸಾಕು. ಬೆಳ್ಳಿ ರೇಟು ಏರಿದೆ ಅಂತ ಕರಗಿಸಿದರೆ ಅದೂ ಹೋಯ್ತು. ಈ ರಜೆಗೆ ಊರಿಗೆ ಹೋದಾಗ ಅಜ್ಜಿ ಹತ್ರ ಟ್ರಂಕು ತೆಗೆಸಿ, ಅಂಚಿನದೊಂದು ಫೋಟೊ ತಗೊಳ್ಳಿ.