ಗೋಡೆಗಳಿಗೂ ಶ್ರುತಿ ಬೇಕು

ಹೊಸದಾಗಿ ಬಾಡಿಗೆಗೆ ಹಿಡಿದ ಖಾಲಿ ಮನೆಯಲ್ಲಿ ನಿಂತು ಮಾತನಾಡಿ ನೋಡಿ. ಮಾತು ಗುಂಯ್‌ಗುಡುತ್ತದೆ. ಹಾಸಿಗೆ, ಬಟ್ಟೆಬರೆ, ನಾಲ್ಕು ಮಂದಿ ಒಳಗೆ ಬಂದರೆ ಸಾಕು, ಆ ಗದ್ದಲ ಅಡಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆದರೆ ಎಷ್ಟು ಹಾಸಿಗೆಗೆ ಎಷ್ಟು ಅಡಗುತ್ತದೆ ಎಂದು ಹೇಳುವ ಸೂತ್ರ ನೂರಿಪ್ಪತ್ತೈದು ವರ್ಷಗಳ ಹಿಂದಿನವರೆಗೂ ಇರಲಿಲ್ಲ. ಅಂಥ ಸೂತ್ರವನ್ನು ನಂಬಿ ಕಟ್ಟಿದ ಮೊದಲ ಸಂಗೀತ ಸಭಾಂಗಣ ಅಮೆರಿಕದ ಬಾಸ್ಟನ್ ನಗರದ ಸಿಂಫನಿ ಹಾಲ್.

ಕಥೆ ಶುರುವಾಗುವುದು ಸಭಾಂಗಣದಲ್ಲಲ್ಲ, ಒಂದು ಪಾಠದ ಕೋಣೆಯಲ್ಲಿ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ತನ್ನ ಫಾಗ್ ಕಲಾ ಸಂಗ್ರಹಾಲಯದಲ್ಲಿ ಉಪನ್ಯಾಸ ಮಂದಿರವೊಂದನ್ನು ಕಟ್ಟಿಸಿತು. ನೋಡಲು ಚೆಂದ, ಕೇಳಲು ಮಾತ್ರ ಸಾಧ್ಯವಿಲ್ಲ. ಆಡಿದ ಒಂದು ಮಾತು ಐದೂವರೆ ಸೆಕೆಂಡು ಗಾಳಿಯಲ್ಲಿ ಸುಳಿದಾಡುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಹತ್ತು ಪದ ಮುಂದೆ ಹೋಗಿರುತ್ತಿದ್ದರು! ಇದನ್ನು ಸರಿಪಡಿಸುವ ಕೆಲಸವನ್ನು ಕುಲಪತಿ ಎಲಿಯಟ್ ಅವರು 27 ವರ್ಷದ ಭೌತಶಾಸ್ತ್ರದ ಅಧ್ಯಾಪಕ ವಾಲೇಸ್ ಸೇಬಿನ್‌ಗೆ ಒಪ್ಪಿಸಿದರು. ಓದಿ ಗಳಿಸಿದ ಪಿಎಚ್.ಡಿ. ಕೂಡ ಈತನಿಗೆ ಇರಲಿಲ್ಲ ಎಂಬುದನ್ನು ಅಂಕಪಟ್ಟಿಯ ಚಿಂತೆಯಲ್ಲಿರುವ ತಂದೆತಾಯಂದಿರು ಗಮನಿಸಬಹುದು.

ಸೇಬಿನ್‌ನ ಉಪಕರಣಗಳೂ ಸಾಮಾನ್ಯವೇ: ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಯಂತ್ರ, ತನ್ನ ಕಿವಿ. ಜೊತೆಗೆ ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಕುರ್ಚಿಗಳಿಂದ ಎರವಲು ತಂದ ಮೆತ್ತೆಗಳು. ಊರಿನ ಸದ್ದು ಅಡಗಲೆಂದು ನಡುರಾತ್ರಿಯ ಮೇಲೆ ಕೆಲಸ. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹೊತ್ತು ವಾಪಸು ಇಡಬೇಕು. ಕೊಳವೆಯನ್ನು ಊದಿಸಿ ನಿಲ್ಲಿಸುವುದು, ನಾದ ಪೂರ್ತಿ ಅಡಗಲು ಹಿಡಿದ ಕಾಲವನ್ನು ಬರೆದುಕೊಳ್ಳುವುದು, ಇನ್ನಷ್ಟು ಮೆತ್ತೆ ಹರಡುವುದು, ಮತ್ತೆ ಊದಿಸುವುದು. ಹೀಗೆ ವರ್ಷಗಟ್ಟಲೆ. ಒಂದು ಹಂತದಲ್ಲಿ ಲೆಕ್ಕ ತಾಳೆಯಾಗಲಿಲ್ಲ. ಕಾರಣ ಹುಡುಕಿದರೆ ತಾನು ತೊಟ್ಟ ಬಟ್ಟೆಯೇ ಸದ್ದನ್ನು ಹೀರುತ್ತಿತ್ತು! ಸಾವಿರಾರು ಅಳತೆಗಳನ್ನು ಆತ ಬದಿಗೆ ಸರಿಸಿದ. ಅಲ್ಲಿಂದಾಚೆ ಪ್ರಯೋಗಕ್ಕೆ ಒಂದೇ ಬಗೆಯ ಉಡುಪು. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ 'ಬರಬೇಕಾದ' ಉತ್ತರವನ್ನು ಮೊದಲೇ ಬರೆದಿಡುವ ನಮ್ಮ ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ಕಾಣಬಹುದು.

ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ನಾದಕ್ಕೆ ಅನುರಣನ ಎಂದು ಹೆಸರು. 1898ರಲ್ಲಿ ಸೇಬಿನ್‌ಗೆ ಅದರ ಸೂತ್ರ ಹೊಳೆಯಿತು: ಕೋಣೆಯ ಗಾತ್ರ ಹೆಚ್ಚಿದಂತೆ ಅನುರಣನದ ಕಾಲ ಹೆಚ್ಚುತ್ತದೆ, ಸದ್ದು ಹೀರುವ ವಸ್ತು ಹೆಚ್ಚಿದಂತೆ ಕಡಿಮೆಯಾಗುತ್ತದೆ. ಇಷ್ಟೇ. ಹೈಸ್ಕೂಲಿನ ಅನುಪಾತದ ಲೆಕ್ಕ.

ಅದೇ ಹೊತ್ತಿಗೆ, ಬಾಸ್ಟನ್ ಸಿಂಫನಿ ವಾದ್ಯವೃಂದವನ್ನು 1881ರಲ್ಲಿ ಸ್ಥಾಪಿಸಿದ್ದ ಹೆನ್ರಿ ಹಿಗಿನ್ಸನ್ ಹೊಸ ಸಭಾಂಗಣಕ್ಕೆ ಹೊರಟಿದ್ದರು. ಜರ್ಮನಿಯ ಲೈಪ್‌ಜಿಗ್‌ನ ಹೆಸರಾಂತ ಗೆವಾಂಡ್‌ಹೌಸ್ ಸಭಾಂಗಣವನ್ನೇ ದೊಡ್ಡದು ಮಾಡಿ ಕಟ್ಟುವ ಆಲೋಚನೆ ವಾಸ್ತುಶಿಲ್ಪಿ ಮೆಕ್ಕಿಮ್ ಅವರದು. ಸೇಬಿನ್ ಲೆಕ್ಕ ಹಾಕಿ ಬೇಡವೆಂದರು. ಉದ್ದ, ಅಗಲ, ಎತ್ತರ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಅನುರಣನ ಮೂರು ಸೆಕೆಂಡು ದಾಟುತ್ತದೆ, ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಕೊನೆಗೆ ಎದ್ದುನಿಂತದ್ದು 75 ಅಡಿ ಅಗಲ, 61 ಅಡಿ ಎತ್ತರ, ವೇದಿಕೆಯ ಅಂಚಿನವರೆಗೆ 125 ಅಡಿ ಉದ್ದದ, ಬೂಟಿನ ಡಬ್ಬಿಯಂಥ ಆಕಾರ. ಆಳವಿಲ್ಲದ ಬಾಲ್ಕನಿಗಳು, ಸದ್ದನ್ನು ಕೇಳುಗರತ್ತ ದೂಡುವಂತೆ ಒಳಬಾಗಿದ ವೇದಿಕೆಯ ಗೋಡೆಗಳು. 1900ರ ಅಕ್ಟೋಬರ್ 15ರಂದು ಬೀಥೋವನ್‌ನ 'ಮಿಸ್ಸಾ ಸೊಲೆಮ್ನಿಸ್'ನಿಂದ ಉದ್ಘಾಟನೆ. ವೇದಿಕೆಯ ಮೇಲ್ಭಾಗದ ಫಲಕದಲ್ಲೂ ಬೀಥೋವನ್‌ನದೊಂದೇ ಹೆಸರು. ಇನ್ಯಾರ ಹೆಸರಿಗೂ ನಿರ್ದೇಶಕರಲ್ಲಿ ಒಮ್ಮತ ಮೂಡದೆ ಉಳಿದ ಫಲಕಗಳು ಖಾಲಿ. ಸಮಿತಿಗಳು ಎಲ್ಲ ದೇಶದಲ್ಲೂ ಒಂದೇ!

ಮೊದಮೊದಲು ಕೆಲವು ವಿಮರ್ಶಕರು ಧ್ವನಿ ಸರಿಯಿಲ್ಲವೆಂದು ಗೊಣಗಿದರು. ಸೇಬಿನ್ 1919ರಲ್ಲಿ, ಐವತ್ತರ ವಯಸ್ಸಿನಲ್ಲಿ, ತೀರಿಕೊಂಡರು. ಇಂದು ವಿಯೆನ್ನಾ, ಆಮ್‌ಸ್ಟರ್‌ಡಾಮ್‌ಗಳ ಸಭಾಂಗಣಗಳೊಡನೆ ಜಗತ್ತಿನ ಅತ್ಯುತ್ತಮ ಮೂರರಲ್ಲಿ ಬಾಸ್ಟನ್ನಿನದನ್ನು ಎಣಿಸುವವರು ಬಹಳ. ಲೈಪ್‌ಜಿಗ್‌ನ ಮೂಲ ಮಾದರಿ ಎರಡನೇ ಮಹಾಯುದ್ಧದ ಬಾಂಬುಗಳಿಗೆ ಬಲಿಯಾಯಿತು. ನ್ಯೂಯಾರ್ಕ್ 1962ರಲ್ಲಿ ತೆರೆದ ಫಿಲ್‌ಹಾರ್ಮೋನಿಕ್ ಹಾಲ್‌ನಲ್ಲಿ ಆಸನಗಳನ್ನು ಹೆಚ್ಚಿಸಲು ಹೋಗಿ ಆಕಾರ ಕೆಡಿಸಿಕೊಂಡಿತು. ಆ ರಿಪೇರಿ 2022ರವರೆಗೂ ಮುಗಿಯಲಿಲ್ಲ.

ಬಾಸ್ಟನ್ನಿನವರು ಎಚ್ಚರಿಕೆಯ ಜನ. ಸವೆದ ವೇದಿಕೆಯ ನೆಲವನ್ನು 2006ರಲ್ಲಿ ಬದಲಿಸುವಾಗ ನಾದ ಬದಲಾದೀತೆಂಬ ಭಯದಿಂದ ಹಳೆಯ ಬಗೆಯ ಮೇಪಲ್ ಹಲಗೆಗಳನ್ನೇ ತರಿಸಿದರು; ಅಡಿಗೆ ಉಣ್ಣೆ ಹಾಸಿ, ಒಂದೊಂದು ಮೊಳೆಯನ್ನೂ ಕೈಯಿಂದಲೇ ಹೊಡೆಸಿದರು.