ಚುಕ್ಕೆಗೊಂದು ಹೆಸರು

ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದ ಕಂಚಿನ ಲೋಕೇಶ್ವರ ವಿಗ್ರಹ ಸುಪ್ರಸಿದ್ಧವಾದುದು. ಮೂರು ಮುಖ, ಆರು ತೋಳುಗಳ ಆ ಮೂರ್ತಿಯನ್ನು ಕಂಡೊಡನೆ ‘ಇವನು ಬ್ರಹ್ಮ’ ಎಂದು ಭಾವಿಸುವುದು ಸಹಜ. ಆದರೆ ಪೀಠದ ಶಾಸನ ಬೇರೆಯೇ ಮಾತನ್ನು ಹೇಳುತ್ತದೆ. ಅಳುಪ ದೊರೆ ಕುಂದವರ್ಮನು ಕ್ರಿ.ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನಂತೆ. ವಿಹಾರವೆಂಬ ಆ ಒಂದು ಪದದಿಂದ ಕದ್ರಿಯ ಬೌದ್ಧ ಪರಂಪರೆಯ ಬಾಗಿಲು ತೆರೆಯುತ್ತದೆ. ಹೆಸರಿರುವುದು ಪೀಠದಲ್ಲಿ, ಮುಖದ ಮೇಲಲ್ಲ. ಮೂರ್ತಿಯೊಡನೆ, ಬೇರೊಂದು ಓಲೆಯಲ್ಲಲ್ಲ. ಹೆಸರಿಡುವ ವಿದ್ಯೆಯ ಎರಡು ಸೂತ್ರಗಳೂ ಇಲ್ಲಿಯೇ ಇವೆ.

ಇಂದು ಕಾಲೇಜಿನ ವಿದ್ಯಾರ್ಥಿಗಳು ಗಣಕಯಂತ್ರದಲ್ಲಿ ಬಿಡಿಸುವ ಚುಕ್ಕೆನಕ್ಷೆಗೂ ಇವೇ ಸೂತ್ರಗಳು ಸಲ್ಲುತ್ತವೆ. ಎರಡು ಅಳತೆಗಳ ಸಂಬಂಧವನ್ನು ಒಂದೇ ನೋಟಕ್ಕೆ ತೋರಿಸುವ ನಕ್ಷೆಯದು. ಕನ್ನಡ ನಾಡಿನ ಊರುಗಳನ್ನೇ ತೆಗೆದುಕೊಳ್ಳಬಹುದು. ಅಡ್ಡಗೆರೆಯ ಮೇಲೆ ಸಮುದ್ರಮಟ್ಟದಿಂದ ಊರಿನ ಎತ್ತರ, ನೆಟ್ಟಗೆರೆಯ ಮೇಲೆ ವರ್ಷದ ಮಳೆ, ಊರಿಗೊಂದು ಚುಕ್ಕೆ. ಮಂಗಳೂರು, ಉಡುಪಿ, ಹೊನ್ನಾವರ, ಕಾರವಾರಗಳು ಎಡ ಅಂಚಿನಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. 900 ಮೀಟರಿಗೂ ಎತ್ತರದ ಬೆಂಗಳೂರು ಬಲಕ್ಕೆ ಸರಿದು, ಮಳೆ ಕಡಮೆಯಾದುದರಿಂದ ಕೆಳಗಿಳಿಯುತ್ತದೆ. ಸುಮಾರು 650 ಮೀಟರ್ ಎತ್ತರದ ಆಗುಂಬೆಯೊಂದು ಮಾತ್ರ, 7,000 ಮಿಲಿಮೀಟರನ್ನೂ ಮೀರಿದ ಮಳೆಯಿಂದಾಗಿ, ಎಲ್ಲಕ್ಕೂ ಮೇಲೆ ಒಂಟಿಯಾಗಿರುತ್ತದೆ. ಹೆಸರಿಲ್ಲದಿದ್ದರೆ ಅದನ್ನು ಬರೆದವರ ಕೈತಪ್ಪೆಂದು ಯಾರಾದರೂ ಅಳಿಸಿಬಿಟ್ಟಾರು! ಹೆಸರಿದ್ದರೆ ಘಟ್ಟಕ್ಕೆ ಬಡಿದು ಮೇಲೇರುವ ಮುಂಗಾರಿನ ಗಾಳಿ ನೆನಪಾಗುತ್ತದೆ.

ಇಂತಹ ನಕ್ಷೆಗಳಿಗೆ ಒದಗುವ ‘ಆರ್’ ಎಂಬ ಗಣಕಭಾಷೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದಲ್ಲಿ ರೂಪಿಸಿದರು. ಅದು ಯಾರಿಗಾದರೂ ಬೆಲೆಯಿಲ್ಲದೆ ದೊರೆಯುತ್ತದೆ. ಚುಕ್ಕೆಯಿಡಲು ‘ಪ್ಲಾಟ್’, ಹೆಸರು ಬರೆಯಲು ‘ಟೆಕ್ಸ್ಟ್’ ಎಂಬ ಆಜ್ಞೆಗಳುಂಟು. ಸ್ಥಾನವನ್ನು ಸೂಚಿಸದಿದ್ದರೆ ಹೆಸರು ಚುಕ್ಕೆಯ ಮೇಲೆಯೇ ಕುಳಿತು ಅದರ ಮುಖ ಮುಚ್ಚುತ್ತದೆ. ‘ಪಾಸ್’ ಎಂಬಲ್ಲಿ 1 ಎಂದರೆ ಕೆಳಗೆ, 2 ಎಂದರೆ ಎಡಕ್ಕೆ, 3 ಎಂದರೆ ಮೇಲೆ, 4 ಎಂದರೆ ಬಲಕ್ಕೆ. ಕರಾವಳಿಯ ಊರುಗಳಂತೆ ಚುಕ್ಕೆಗಳು ಗುಂಪುಗೂಡಿದಾಗ ಇಷ್ಟೇ ಸಾಲದು. ಜಿಜಿಪ್ಲಾಟ್ ಬಳಸುವವರಿಗೆ ‘ಜಿಜಿರೆಪೆಲ್’ ಎಂಬ ಸಹಾಯಕನುಂಟು. ಅದು ಹೆಸರುಗಳನ್ನು ದೂರದೂರ ಸರಿಸಿ, ಚುಕ್ಕೆಗೂ ಹೆಸರಿಗೂ ನಡುವೆ ತೆಳುಗೆರೆಯನ್ನೆಳೆಯುತ್ತದೆ. ಗುಂಪು ತೀರ ದಟ್ಟವಾದರೆ ಕೆಲವು ಹೆಸರುಗಳನ್ನು ಕೈಬಿಟ್ಟು, ಹಾಗೆ ಮಾಡಿದೆನೆಂದು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಓದದವರು ಬೇಕಾದ ಊರನ್ನೇ ಕಳೆದುಕೊಂಡಾರು.

ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ‘ಟೆಕ್ಸ್ಟ್’ ಆಜ್ಞೆಗೆ ಆಗುಂಬೆಯೂ ತಿಳಿಯದು, ಬಳ್ಳಾರಿಯೂ ತಿಳಿಯದು. ಮೊದಲ ಚುಕ್ಕೆಗೆ ಮೊದಲ ಹೆಸರು, ಎರಡನೆಯದಕ್ಕೆ ಎರಡನೆಯದು—ಅದು ಬಲ್ಲುದು ಇಷ್ಟೇ. ಹೆಸರುಗಳನ್ನು ಮಾತ್ರ ಅಕಾರಾದಿಯಾಗಿ ಜೋಡಿಸಿ ಅಂಕಿಗಳನ್ನು ಇದ್ದಂತೆಯೇ ಬಿಟ್ಟರೆ ಆಗುಂಬೆಯ ಮಳೆ ಬಳ್ಳಾರಿಯಲ್ಲಿ ಸುರಿದೀತು, ಯಂತ್ರ ತುಟಿಪಿಟಕ್ಕೆನ್ನದು. ಆದುದರಿಂದ ಊರಿನ ಹೆಸರು, ಎತ್ತರ, ಮಳೆ ಮೂರೂ ಕೋಷ್ಟಕದ ಒಂದೇ ಸಾಲಿನಲ್ಲಿರಬೇಕು. ಕ್ರಮವನ್ನು ಬದಲಿಸುವಾಗ ಇಡೀ ಸಾಲೇ ಕದಲಬೇಕು. ಪೀಠದ ಶಾಸನ ಮೂರ್ತಿಯನ್ನು ಅಗಲದಂತೆ, ಹೆಸರು ಅಂಕಿಯನ್ನು ಅಗಲಬಾರದು.

ಎಲ್ಲ ಚುಕ್ಕೆಗಳಿಗೂ ಹೆಸರಿಡಬೇಕೆಂಬ ನಿಯಮವೇನೂ ಇಲ್ಲ. ನೂರು ಊರುಗಳಿದ್ದಲ್ಲಿ ಗುಂಪಿನಿಂದ ಬೇರೆಯಾಗಿ ನಿಂತ ನಾಲ್ಕಾರಕ್ಕೆ ಇಟ್ಟರೆ ಸಾಕು. ಆದರೆ ಇಟ್ಟ ಹೆಸರು ಸರಿಯಾಗಿರಬೇಕು. ಹೆಸರಿಲ್ಲದ ಚುಕ್ಕೆಯನ್ನು ಕಂಡವರು ‘ಇದು ಯಾವ ಊರು?’ ಎಂದಾದರೂ ಕೇಳುತ್ತಾರೆ. ತಪ್ಪು ಹೆಸರಿನ ಚುಕ್ಕೆಯನ್ನು ಕಂಡವರು ಏನನ್ನೂ ಕೇಳದೆ ನಂಬಿ ಹೋಗುತ್ತಾರೆ.